ಅರ್ಧಕ್ಕಿಳಿಸಿದ ನೀರು

ನಮ್ಮಪ್ಪ ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುವ ಕೆಲಸ ಮಾಡುತ್ತಿದ್ದ. ಕುರಿ ಕಾಯುವುದು ಬಿಟ್ಟು ಊರು ಸೇರಿದ ಮೇಲೆ ಅವನ ಕೈಗೆ ಹತ್ತಿದ ಕೆಲಸ ಅದೊಂದೇ. ಕುದಿಯುವ ಹಂಡೆಯಿಂದ ಗಾಜಿನ ಗ್ಲಾಸಿಗೆ ಒಂದಿಷ್ಟು ಬಣ್ಣದ ನೀರು ತೆಗೆದುಕೊಂಡು, ಕಿಟಕಿಗೆ ಎದುರಾಗಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಗ್ಲಾಸಿನಾಚೆ ಕಿಟಕಿಯ ಸರಳು ನಿಚ್ಚಳ ಕಂಡರೆ ಬಣ್ಣ ತೆಳುವಾಗಿದೆ ಎಂದು ಅರ್ಥ. ಸರಳು ಕಾಣದೇ ಹೋದರೆ ಗಟ್ಟಿಯಾಗಿದೆ. ಹೆಚ್ಚು ಹೊತ್ತು ಕುದಿದರೆ ನೀರು ಹಾರಿಹೋಗಿ ಬಣ್ಣವಷ್ಟೇ ಹಂಡೆಯಲ್ಲಿ ಉಳಿಯುತ್ತದೆಂದು ನಡುನಡುವೆ ಕೊಡದಿಂದ ನೀರು ಸುರಿಯುತ್ತಿದ್ದ. ಇದನ್ನು ನಾನು ನೋಡಿದ್ದು ಏಳು ವರ್ಷದವಳಿದ್ದಾಗ. ನೆನಪಾದದ್ದು ಐವತ್ತೆರಡನೇ ವಯಸ್ಸಿನಲ್ಲಿ, ಒಂದು ತಿಂಗಳು ತಡವಾಗಿ.

ಮದುವೆಯಾಗಿ ನಾನು ಬಂದದ್ದು ಮುಧೋಳ ತಾಲೂಕಿನ ಒಂದು ಊರಿಗೆ. ಊರೊಳಗಲ್ಲ, ಊರಿಂದ ಎರಡು ಮೈಲಿ ಆಚೆ, ಕಬ್ಬಿನ ನಡುವಿನ ತೋಟದ ಮನೆಗೆ. ಕಬ್ಬು ಎದ್ದು ನಿಂತ ತಿಂಗಳುಗಳಲ್ಲಿ ಅಂಗಳದಿಂದ ರಸ್ತೆ ಕಾಣುವುದಿಲ್ಲ, ರಸ್ತೆಯಿಂದ ಮನೆ ಕಾಣುವುದಿಲ್ಲ. ಮನೆಯ ಮಗ್ಗುಲಲ್ಲೇ ಬೋರ್‌ವೆಲ್ ಇದೆ. ಕಬ್ಬಿಗೂ ಅದೇ ನೀರು, ದನಕ್ಕೂ ಅದೇ, ನಮಗೂ ಅದೇ. ಊರಲ್ಲಿ ಶುದ್ಧ ನೀರಿನ ಘಟಕ ಆದಮೇಲೂ ನಾವು ಅಲ್ಲಿಗೆ ಕ್ಯಾನು ಒಯ್ದವರಲ್ಲ. ಪೂಜೆಗೆಂದು ತಂಬಿಗೆ ತುಂಬಿದರೆ ತಳದ ಸಣ್ಣ ಕಲೆ ಸಹ ಕಾಣುವಂಥ ನೀರು. ಬಾಯಿಗೆ ಸಿಹಿ. ಇಂಥ ನೀರು ಕೊಟ್ಟೆಯಲ್ಲಪ್ಪ ಎಂದು ಮನೆದೇವರು ಬೀರಪ್ಪನಿಗೆ ದಿನಾ ಕೈ ಮುಗಿಯುತ್ತಿದ್ದೆ.

ಹಿರಿಯ ಮಗಳನ್ನು ಬೀಳಗಿಗೆ ಕೊಟ್ಟಿದ್ದೇವೆ. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ಮುಧೋಳದ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಕೂಸು ತೆಗೆದರು. ಹೆಣ್ಣು ಕೂಸು. ತಾಯಿ, ಕೂಸು ಇಬ್ಬರೂ ಉಳಿದರು. ಅದು ನಾನು ಎಣಿಸಿಕೊಂಡ ಮೊದಲ ಪುಣ್ಯ. ಆದರೆ ಮಗಳಿಗೆ ಜ್ವರ ಬೇಗ ಬಿಡಲಿಲ್ಲ, ಎದೆಹಾಲು ಬತ್ತಿತು. ಡಾಕ್ಟರು ಡಬ್ಬಿಯ ಹಾಲಿನ ಪುಡಿ ಬರೆದುಕೊಟ್ಟು, ನೀರು ಚೆನ್ನಾಗಿ ಕಾಯಿಸಿ ಆರಿಸಿ ಬೆರೆಸಿಕೊಡಿ ಎಂದರು.

ನೀರು ಕಾಯಿಸುವುದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ನಮ್ಮ ಮನೆತನದಲ್ಲಿ ಬಾಣಂತಿಗೂ ಕೂಸಿಗೂ ಕೊಡುವ ನೀರನ್ನು ಬರೀ ಕುದಿಸುವುದಿಲ್ಲ, ಅರ್ಧಕ್ಕೆ ಇಳಿಸುತ್ತೇವೆ. ಪಾತ್ರೆ ತುಂಬ ನೀರಿಟ್ಟು, ಗುರುತು ಕೊರೆದ ಕಡ್ಡಿಯೊಂದನ್ನು ಅದ್ದಿ ಅದ್ದಿ ನೋಡಿ, ಅರ್ಧ ಉಳಿದ ಮೇಲೆಯೇ ಒಲೆಯಿಂದ ಇಳಿಸಬೇಕು. ನನ್ನ ಅವ್ವ ನನ್ನ ಎರಡು ಬಾಣಂತನಗಳಲ್ಲೂ ಹಾಗೆಯೇ ಮಾಡಿದ್ದಳು. ನಾನೂ ಮಾಡಿದೆ. ಒಂದು ದಿನವೂ ತಪ್ಪಿಸಲಿಲ್ಲ.

ಮೂರನೆಯ ವಾರಕ್ಕೆ ಕೂಸಿನ ತುಟಿಯ ಬಣ್ಣ ಬದಲಾಯಿತು. ನೇರಳೆ ಹಣ್ಣು ತಿಂದವರ ತುಟಿಯಂತೆ ಆಯಿತು. ಅತ್ತಾಗ ಹೆಚ್ಚು, ಮಲಗಿದಾಗ ಕಡಿಮೆ. ಉಗುರಿನ ಬುಡದಲ್ಲಿ ಬೂದಿಯ ಬಣ್ಣ. ಚಳಿಗೆ ಹೀಗೆ ಎಂದುಕೊಂಡು ಒಂದರ ಮೇಲೊಂದು ಕುಂಚಿಗೆ ಕಟ್ಟಿದೆ. ಕೂಸು ಬೆಚ್ಚಗಾಯಿತು, ತುಟಿ ಕೆಂಪಾಗಲಿಲ್ಲ.

ಅದೇ ದಿನಗಳಲ್ಲಿ ಬೀಗತಿ ಬೀಳಗಿಯಿಂದ ಕೂಸನ್ನು ನೋಡಲು ಬಂದರು. ನನಗಿಂತ ಐದಾರು ವರ್ಷ ಹಿರಿಯರು, ಮಾತು ಖಡಕ್ಕು. ಕೂಸನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ಒಯ್ದು, ಆ ಕಡೆ ಈ ಕಡೆ ಹೊರಳಿಸಿ ನೋಡಿದರು.

“ಕೂಸಿನ ಮಕ ಯಾಕೋ ಕಪ್ಪ ಕಾಣತೈತ್ರಿ ಬೀಗ್ತಿ. ನಮ್ಮ ಮನಿತನದಾಗ ಈ ಬಣ್ಣದವ್ರು ಯಾರೂ ಇಲ್ಲ.”

“ಹಂಗಾರ ನಿಮ್ಮ ಮಗನ್ನ ನೀವು ಬಿಸಲಾಗ ನೋಡೇ ಇಲ್ಲ ಬಿಡ್ರಿ” ಅಂದೆ. ಒಳಗೆ ಮಲಗಿದ್ದ ಮಗಳು ನಕ್ಕಳು. ಬೀಗತಿ ನಗಲಿಲ್ಲ.

“ನೀರರ ಛಲೋ ಇಳಸ್ತೀರೋ ಇಲ್ಲೋ?”

“ಅರ್ಧಕ್ಕ ಇಳಸ್ತೇನ್ರಿ.”

“ಅರ್ಧ ಏನ್ ಸಾಕಾಗತೈತ್ರಿ. ನಮ್ಮಲ್ಲಿ ಕಾಲುಭಾಗಕ್ಕ ಇಳಸ್ತೇವಿ.”

ಅವರ ಬಸ್ಸು ಹೋದ ಮೇಲೆ ಒಲೆಗೆ ಇನ್ನೆರಡು ಕಟ್ಟಿಗೆ ಒಟ್ಟಿದೆ. ನನ್ನ ಬಾಣಂತನಕ್ಕೆ ಹೆಸರಿಡುವಂತೆ ಆಗಬಾರದಲ್ಲ.

ಕಿರಿಯ ಮಗಳು ಜಮಖಂಡಿಯಲ್ಲಿ ಕಾಲೇಜಿನ ಹಾಸ್ಟೆಲ್ಲಿನಲ್ಲಿದ್ದು ರಸಾಯನಶಾಸ್ತ್ರ ಓದುತ್ತಾಳೆ. ಆ ಭಾನುವಾರ ಮನೆಗೆ ಬಂದವಳು ಅಕ್ಕನ ಕೂಸನ್ನು ನೋಡಿ ನೇರ ಹೊರಗೆ ಹೋಗಿ ಬೋರ್‌ವೆಲ್ ಹತ್ತಿರ ನಿಂತಳು. ಅಲ್ಲಿಂದ ಕಬ್ಬಿನ ಸಾಲಿಗೆ ಹತ್ತು ಹೆಜ್ಜೆ. ಯೂರಿಯಾದ ಖಾಲಿ ಚೀಲಗಳು ಮೋಟರ್ ಕೋಣೆಯಲ್ಲಿ ಮಡಚಿಟ್ಟಿದ್ದವು. ತಿರುಗಿ ಬಂದು, ಈ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಬೇಕು ಎಂದಳು. ಗೊಬ್ಬರದ ಸಾರ ನೆಲಕ್ಕೆ ಇಳಿದು ನೀರಿಗೆ ಸೇರುತ್ತದಂತೆ, ಅದಕ್ಕೆ ನೈಟ್ರೇಟ್ ಅನ್ನುತ್ತಾರಂತೆ. ದೊಡ್ಡವರಿಗೆ ಅಷ್ಟಾಗಿ ತಟ್ಟದಿದ್ದರೂ ಎಳೆಗೂಸಿನ ರಕ್ತ ಅದರಿಂದ ಕೆಡುತ್ತದಂತೆ. ನಮ್ಮ ಮನೆಯವರು ಅಂಗಳದಲ್ಲಿ ಕೂತು ಕೇಳುತ್ತಿದ್ದವರು, ಇದೇ ನೀರು ಕುಡಿದು ನೀವಿಬ್ಬರೂ ಬೆಳೆದಿರಿ ಎಂದರು. ಆಗ ಇಷ್ಟು ಚೀಲ ಹಾಕುತ್ತಿರಲಿಲ್ಲವಲ್ಲ ಎಂದಳು ಮಗಳು.

ನೀರನ್ನು ಕಾಲೇಜಿನಲ್ಲಿ ಹೇಗೆ ನೋಡುತ್ತೀರಿ ಎಂದು ಮಗಳನ್ನು ಕೇಳಿದೆ. ಅವಳು ಎರಡು ಗ್ಲಾಸು ತಂದು, ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಚಹಾದ ಡಿಕಾಕ್ಷನ್ನು ಹಾಕಿ, ಮೊಬೈಲಿನ ಬ್ಯಾಟರಿ ಹಚ್ಚಿ ಗೋಡೆಯ ಮೇಲೆ ಬೆಳಕು ಬಿಟ್ಟಳು. ನೀರಿನ ಗ್ಲಾಸಿನಿಂದ ಬೆಳಕು ಹೋದಷ್ಟೇ ಹೊರಬಂತು. ಚಹಾದಿಂದ ಮಂಕಾಗಿ ಬಂತು. ಕಾಲೇಜಿನ ಮಷಿನ್ನಿನಲ್ಲೂ ಇಷ್ಟೇ, ಈ ಕಡೆಯಿಂದ ಎಷ್ಟು ಬೆಳಕು ಹೋಯಿತು, ಆ ಕಡೆ ಎಷ್ಟು ಉಳಿದು ಬಂತು ಎಂದು ಅದು ಎಣಿಸುತ್ತದೆ, ನಡುವೆ ನೀರು ನುಂಗಿದ ಬೆಳಕಿನ ಮೇಲೆ ಅದರಲ್ಲಿ ಏನು ಎಷ್ಟು ಕರಗಿದೆ ಎಂದು ಲೆಕ್ಕ ಸಿಗುತ್ತದೆ ಎಂದಳು. ಒಂದೊಂದು ವಸ್ತು ಒಂದೊಂದು ಬಗೆಯ ಬೆಳಕನ್ನು ನುಂಗುತ್ತದಂತೆ. ಅದು ಎಷ್ಟು ಗಟ್ಟಿಯಿದೆಯೋ ಅಷ್ಟು ಹೆಚ್ಚು ನುಂಗುತ್ತದಂತೆ.

“ನಮ್ಮ ನೀರಿಗೆ ಬಣ್ಣನ ಇಲ್ಲಲ್ಲ” ಅಂದೆ.

“ಕಣ್ಣಿಗೆ ಕಾಣದ ಬೆಳಕೂ ಐತಿ ಅವ್ವಾ. ಅದರಾಗ ನೋಡಿದರ ನಮ್ಮ ನೀರೂ ಕರ್ರಗ ಇರಬಹುದು.”

ಈ ಮಾತು ನನಗೆ ಹಿಡಿಸಲಿಲ್ಲ. ದೇವರಿಗೆ ಎರೆಯುವ ನೀರಿಗೆ ಹಾಗನ್ನಬಾರದು ಅನಿಸಿತು.

ಮರುದಿನ ಬೆಳಿಗ್ಗೆ ಅವಳು ಬಸ್ಸಿನ ಗಡಿಬಿಡಿಯಲ್ಲಿ ಹೊರಟಳು. ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು, ಕಂಠದವರೆಗೆ ತುಂಬಿ, ಮಧ್ಯಾಹ್ನ ಜಮಖಂಡಿಗೆ ಬರಲಿದ್ದ ತನ್ನಪ್ಪನ ಕೈಯಲ್ಲಿ ಕಳಿಸು ಎಂದು ಹೇಳಿ ಹೋದಳು. ಹೇಳಿದಂತೆ ತೊಳೆದೆ, ತುಂಬಿದೆ. ಮುಚ್ಚಳ ಹಾಕುವ ಮುಂಚೆ ಗೋಡೆಯಲ್ಲಿನ ದೇವರ ಮಾಡದ ಮುಂದೆ ನಿಂತೆ. ನಮ್ಮಲ್ಲಿ ಹೊಸ ಮೋಟರು ಇಳಿಸಿದರೆ ಅದಕ್ಕೆ ಬೀರಪ್ಪನ ಭಂಡಾರ, ನಾಟಿ ಮಾಡುವ ಕಬ್ಬಿಗೆ ಭಂಡಾರ, ಪರೀಕ್ಷೆಗೆ ಹೋಗುವ ಮಕ್ಕಳ ಪೆನ್ನಿಗೂ ಭಂಡಾರ. ಭಂಡಾರವೆಂದರೆ ಅರಿಶಿನದ ಪುಡಿಯೇ, ಆದರೆ ದೇವರ ಮೈಮುಟ್ಟಿ ಬಂದದ್ದು. ಕೂಸಿನ ಸಲುವಾಗಿ ಹೊರಟ ನೀರು ಹಾಗೆಯೇ ಹೊರಡುವುದೆ? ಒಂದು ಚಿಟಿಕೆ ತೆಗೆದು ಬಾಟಲಿಯೊಳಗೆ ಹಾಕಿ, ಒಳ್ಳೆಯ ಸುದ್ದಿ ಬರಲಿ ಎಂದು ಬೇಡಿಕೊಂಡೆ.

ಎರಡನೇ ದಿನ ಕಿರಿಯವಳ ಫೋನು ಬಂತು.

“ಅವ್ವಾ, ಬಾಟ್ಲ್ಯಾಗ ಏನರ ಹಾಕಿಯೇನು?”

“ಚೂರ ಭಂಡಾರ ಹಾಕೇನಿ.”

ಆ ಕಡೆ ಯಾರಿಗೋ ‘ಅರಿಶಿನ ಸರ್’ ಎಂದು ಅವಳು ಹೇಳಿದ್ದು ಕೇಳಿಸಿತು.

“ಯಾಕ?”

“ಒಳ್ಳೇದಾಗ್ಲಿ ಅಂತ.”

ಮಷಿನ್ನು ದೊಡ್ಡ ಅಂಕಿ ತೋರಿಸಿತ್ತಂತೆ. ಆದರೆ ಅವರು ಒಂದೇ ಬೆಳಕಿನಲ್ಲಿ ನೋಡಿ ಸುಮ್ಮನಾಗುವುದಿಲ್ಲ. ನೈಟ್ರೇಟ್ ನುಂಗುವ ಬೆಳಕಿನಲ್ಲಿ ಒಮ್ಮೆ, ಅದು ನುಂಗದ ಇನ್ನೊಂದು ಬೆಳಕಿನಲ್ಲಿ ಮತ್ತೊಮ್ಮೆ ನೋಡುತ್ತಾರೆ. ಎರಡನೆಯದರಲ್ಲೂ ಬೆಳಕು ಕಳೆದುಹೋದರೆ ನೀರಿನಲ್ಲಿ ಬೇರೆ ಏನೋ ಬೆರೆತಿದೆ, ಮೊದಲ ಅಂಕಿಯನ್ನು ನಂಬುವಂತಿಲ್ಲ. ನಮ್ಮ ಬಾಟಲಿಯಲ್ಲಿ ಎರಡನೆಯ ಬೆಳಕೂ ಕಳೆದುಹೋಗಿತ್ತು. ಬಗ್ಗಿ ನೋಡಿದರೆ ತಳದಲ್ಲಿ ಹಳದಿ ಕೂತಿತ್ತು. ಈ ಅಂಕಿ ಲೆಕ್ಕಕ್ಕಿಲ್ಲ, ಬೇರೆ ನೀರು ತರಿಸು ಎಂದು ಅವಳ ಸರ್ ಹೇಳಿದ್ದರು.

ಇನ್ನೊಂದು ಬಾಟಲಿ ಏನೂ ಹಾಕದೆ ಕಳಿಸು, ಅಲ್ಲಿಯವರೆಗೆ ಕೂಸಿಗೆ ಊರಿನ ಘಟಕದ ನೀರು ತರಿಸಿ ಹಾಲು ಬೆರೆಸು ಎಂದಳು. ಹೂಂ ಅಂದೆ.

ಹೂಂ ಅಂದೆ, ಮಾಡಲಿಲ್ಲ. ಇದನ್ನು ಬರೆಯಲಿಕ್ಕೇ ನಾನು ಕೂತದ್ದು. ಲೆಕ್ಕಕ್ಕಿಲ್ಲ ಎಂದ ಮೇಲೆ ನೀರಿನಲ್ಲಿ ದೋಷವಿಲ್ಲ ಎಂದೇ ನನ್ನ ಮನಸ್ಸು ತಿಳಿದುಕೊಂಡಿತು. ದೇವರೇ ಆ ಅಂಕಿಯನ್ನು ಅಳಿಸಿದ ಅಂದುಕೊಂಡೆ. ಯಾರೋ ಕೈಯಾಡಿಸಿದ ಘಟಕದ ನೀರಿಗಿಂತ ನಾನು ಕಣ್ಣೆದುರು ಕುದಿಸಿದ ನೀರು ಮೇಲು ಎಂಬ ಹಟವೂ ಇತ್ತು. ಇನ್ನೊಂದು ಬಾಟಲಿ ನಾಳೆ ಕಳಿಸಿದರಾಯಿತು ಎನ್ನುತ್ತ ಎಂಟು ದಿನ ಕಳೆದೆ. ಆ ಎಂಟು ದಿನ ಅಂಜಿಕೆಗೆ ನೀರನ್ನು ಇನ್ನೂ ಹೆಚ್ಚು ಕುದಿಸಿದೆ. ಕಡ್ಡಿಯ ಗುರುತು ದಾಟಿ ಕೆಳಗೆ ಹೋಗುವವರೆಗೆ. ಪಾತ್ರೆಯ ಒಳಮೈಗೆ ಬಿಳಿ ಪೊರೆ ಕಟ್ಟುತ್ತಿತ್ತು. ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಮತ್ತೆ ನೀರಿಡುತ್ತಿದ್ದೆ.

ಒಂಬತ್ತನೆಯ ದಿನ ಬೆಳಿಗ್ಗೆ ಹಾಲು ಕುಡಿದ ಕೂಸು ಅಳಲಿಲ್ಲ. ಎತ್ತಿಕೊಂಡರೆ ಕುತ್ತಿಗೆ ಒಂದು ಕಡೆ ವಾಲಿತು. ತುಟಿ, ಮೂಗಿನ ಸುತ್ತ, ಅಂಗಾಲು, ಎಲ್ಲ ಮಸಿ ಬೆರೆಸಿದ ಬಣ್ಣ. ಹಿರಿಯವಳು ಕೂಸಿನ ಕಾಲನ್ನು ತನ್ನ ಕೆನ್ನೆಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು. ನಮ್ಮ ಮನೆಯವರು ಗಾಡಿ ತಂದರು. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಅಂದು ರಸ್ತೆಯಲ್ಲಿ ಕಡಿಮೆ ಇದ್ದವು. ಅದೂ ಒಂದು ಪುಣ್ಯ.

ಮುಧೋಳದಲ್ಲಿ ಕೂಸಿನ ಕಾಲಿಗೆ ಒಂದು ಕ್ಲಿಪ್ಪು ಹಾಕಿದರು. ಅದರೊಳಗೆ ಕೆಂಪು ದೀಪ, ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆಯೆಂದು ಅಂಕಿ ತೋರಿಸುವಂಥದ್ದು. ಮೂಗಿಗೆ ಆಕ್ಸಿಜನ್ ಕೊಟ್ಟರೂ ಅಂಕಿ ಎಂಬತ್ತೈದಕ್ಕೆ ನಿಂತುಬಿಟ್ಟಿತು, ಏರಲೂ ಇಲ್ಲ, ಇಳಿಯಲೂ ಇಲ್ಲ. ಎದೆ ಛಲೋ ಇದೆ, ಉಸಿರು ಇದೆ, ಆದರೂ ಯಾಕೆ ಎಂದು ಡಾಕ್ಟರಮ್ಮ ಸೂಜಿಯಲ್ಲಿ ರಕ್ತ ತೆಗೆದರು. ಅದು ಕೆಂಪಿರಲಿಲ್ಲ. ಕಾಕಂಬಿಯ ಕಂದು ಬಣ್ಣವಿತ್ತು. ಬಿಳಿ ಕಾಗದದ ಮೇಲೆ ಒಂದು ಹನಿ ಇಟ್ಟು, ಪಕ್ಕದಲ್ಲಿ ನರ್ಸಿನ ಬೆರಳಿನದೂ ಒಂದು ಹನಿ ಇಟ್ಟರು. ನರ್ಸಿನ ಹನಿ ಗಾಳಿಗೆ ಕೆಂಪಾಗಿಯೇ ಉಳಿಯಿತು. ನಮ್ಮ ಕೂಸಿನದು ಕಂದು ಬಣ್ಣದಲ್ಲೇ ಉಳಿಯಿತು.

“ಹಾಲಿಗೆ ಯಾವ ನೀರು ಹಾಕ್ತೀರಿ?” ಡಾಕ್ಟರಮ್ಮ ಕೇಳಿದ್ದು ಅದೊಂದೇ ಪ್ರಶ್ನೆ.

ನಾನು ಉತ್ತರ ಕೊಡುವ ಮುಂಚೆ ಹಿರಿಯವಳು, “ಬೋರಿಂದ್ರಿ, ನಮ್ಮವ್ವ ಭಾಳ ಕುದಿಸಿ ಕೊಡ್ತಾಳ್ರಿ” ಅಂದಳು, ನನ್ನ ಪರವಾಗಿ.

ಅಲ್ಲಿಂದ ಬಾಗಲಕೋಟೆಗೆ ಕಳಿಸಿದರು. ಅಲ್ಲಿ ಒಂದು ಔಷಧ ಇತ್ತು. ಅದು ಸಿಕ್ಕದ್ದು ಎಲ್ಲಕ್ಕಿಂತ ದೊಡ್ಡ ಪುಣ್ಯ. ನೋಡಿದರೆ ಅಚ್ಚ ನೀಲಿ, ನಮ್ಮಪ್ಪನ ಹಂಡೆಯ ನೀಲಿಯೇ. ನೀಲಿಗಟ್ಟಿದ ಕೂಸಿನ ನರಕ್ಕೆ ನೀಲಿಯನ್ನೇ ಬಿಡುತ್ತಾರಲ್ಲ ಎಂದು ಅಂಜಿದೆ. ಗೋಡೆಗೆ ಒರಗಿ ನಿಂತು ಬೀರಪ್ಪನ ಹೆಸರು ಹೇಳುತ್ತ ಕೂಸಿನ ಬಾಯನ್ನೇ ನೋಡಿದೆ. ಒಂದು ತಾಸಿನೊಳಗೆ ಮೇಲ್ದುಟಿಯ ನಡುವೆ ಗುಲಾಬಿ ಬಣ್ಣ ಮೂಡಿತು. ಆಮೇಲೆ ಅಳು. ಎರಡು ದಿನ ಆ ಔಷಧ ಉಚ್ಚೆಯಲ್ಲಿ ಇಳಿದು ಕೂಸಿನ ಬಟ್ಟೆಗಳೆಲ್ಲ ಹಸಿರು ನೀಲಿಯಾದವು. ಅವನ್ನು ನಾನೇ ಒಗೆದೆ. ಆ ಕಲೆ ಪೂರ್ತಿ ಹೋಗಿಲ್ಲ, ಹೋಗುವುದೂ ಬೇಡ.

ಮನೆಗೆ ಬಂದ ಮೇಲೆ ಘಟಕದ ನೀರು ತರಿಸಿದೆವು. ನನ್ನ ಮನಸ್ಸಿಗೆ ಮಾತ್ರ ಸಮಾಧಾನವಿರಲಿಲ್ಲ. ಎರಡು ಬಾಟಲಿ ತೊಳೆದು, ಒಂದಕ್ಕೆ ಬೋರಿನ ನೀರು ತುಂಬಿದೆ. ಇನ್ನೊಂದಕ್ಕೆ ಅದೇ ನೀರನ್ನು ಕಡ್ಡಿಯ ಗುರುತಿಗೆ ಸರಿಯಾಗಿ ಅರ್ಧಕ್ಕಿಳಿಸಿ ತುಂಬಿದೆ. ಭಂಡಾರವನ್ನು ಹಣೆಗೆ ಹಚ್ಚಿಕೊಂಡು ನಾನೇ ಜಮಖಂಡಿಯ ಬಸ್ಸು ಹತ್ತಿದೆ.

ಮಷಿನ್ನು ಹೊಲಿಗೆ ಯಂತ್ರದ ಪೆಟ್ಟಿಗೆಯಷ್ಟು ದೊಡ್ಡದು, ಅಷ್ಟೇ. ಸಣ್ಣಗೆ ಗುಂಯ್ ಅನ್ನುತ್ತಿತ್ತು. ಬೆರಳಗಲದ ಗಾಜಿನ ಡಬ್ಬಿಗಳನ್ನು ಮಗಳು ಮಂಕಾದ ಮೈಯ ಕಡೆಯೇ ಹಿಡಿದುಕೊಂಡು, ನುಣುಪಾದ ಮೈಯನ್ನು ಮೆತ್ತನೆಯ ಕಾಗದದಿಂದ ಒರೆಸಿದಳು. ಬೆರಳಿನ ಗುರುತು ಬಿದ್ದರೂ ಅದು ಬೆಳಕು ನುಂಗುತ್ತದಂತೆ. ಮೊದಲು ಭಟ್ಟಿ ಇಳಿಸಿದ ನೀರು ಹಾಕಿ, ಇದೇ ಸೊನ್ನೆ ಎಂದು ಮಷಿನ್ನಿಗೆ ತಿಳಿಸಿಕೊಟ್ಟಳು. ಆಮೇಲೆ ಎಷ್ಟು ಕರಗಿಸಿದ್ದೇವೆ ಎಂದು ಗೊತ್ತಿರುವ ನಾಲ್ಕೈದು ನೀರು ಹಾಕಿ, ಬಂದ ಅಂಕಿಗಳನ್ನು ಕಾಗದದ ಮೇಲೆ ಗೆರೆಯಾಗಿ ಎಳೆದಳು. ನಮ್ಮ ಬೋರಿನ ನೀರು ಆ ಗೆರೆ ಮುಗಿದ ಮೇಲೂ ಮೇಲಕ್ಕೆ ಹೋಯಿತು. ಗೆರೆಯ ಆಚೆಗೆ ನಂಬುವಂತಿಲ್ಲವೆಂದು ಹತ್ತು ಪಾಲು ತೆಳು ಮಾಡಿ ಮತ್ತೆ ಇಟ್ಟಳು. ಎರಡನೆಯ ಬೆಳಕಿನಲ್ಲೂ ನೋಡಿದಳು. ಈ ಸಲ ಅಲ್ಲಿ ಏನೂ ಕಳೆದುಹೋಗಿರಲಿಲ್ಲ. ಹತ್ತರಿಂದ ಗುಣಿಸಿದಳು. ಕುಡಿಯುವ ನೀರಿನಲ್ಲಿ ಲೀಟರಿಗೆ ನಲವತ್ತೈದು ಮಿಲಿಗ್ರಾಮಿನ ಮೇಲೆ ಇರಬಾರದಂತೆ. ನಮ್ಮದು ನೂರ ಹತ್ತು.

“ಎರಡನೇ ಬಾಟ್ಲಿ ಯಾತರದ ಅವ್ವಾ?”

“ಕೂಸಿಗೆ ಕೊಟ್ಟದ್ದು.”

ಅದನ್ನು ಇಪ್ಪತ್ತು ಪಾಲು ತೆಳು ಮಾಡಬೇಕಾಯಿತು. ಇನ್ನೂರ ಇಪ್ಪತ್ತರ ಹತ್ತಿರ ಬಂತು. ಮಗಳು ಲೆಕ್ಕವನ್ನು ಮತ್ತೊಮ್ಮೆ ಮಾಡಿದಳು. ನನಗೆ ಬೇಕಾಗಿರಲಿಲ್ಲ. ಕುದಿಯುವ ಹಂಡೆಯೂ, ಕಿಟಕಿಗೆ ಗ್ಲಾಸು ಹಿಡಿದ ನಮ್ಮಪ್ಪನೂ ಕಣ್ಣ ಮುಂದೆ ಬಂದು ನಿಂತಿದ್ದರು. ಹುಳ ಹುಪ್ಪಡಿ ಕುದಿದರೆ ಸಾಯುತ್ತವೆ. ಕರಗಿದ್ದು ಸಾಯುವುದಿಲ್ಲ, ನೀರು ಹಾರಿದಷ್ಟೂ ಗಟ್ಟಿಯಾಗುತ್ತದೆ. ಬಣ್ಣದ ಖಾನೆಯಲ್ಲಿ ಆಡಿ ಬೆಳೆದ ನನಗೆ ಇದು ಗೊತ್ತಿತ್ತು. ಈ ನೀರಿಗೆ ಬಣ್ಣ ಇಲ್ಲದ್ದಕ್ಕೆ ಹೊಳೆಯಲಿಲ್ಲ.

ಫೋನಿನಲ್ಲಿ ಹೂಂ ಅಂದವಳು ಮಾಡಲಿಲ್ಲವೆಂದು ಅಲ್ಲೇ ಅವಳಿಗೆ ಹೇಳಿದೆ. ಅವಳು ಗಾಜಿನ ಡಬ್ಬಿ ತೊಳೆಯುತ್ತಿದ್ದಳು.

“ನಾನೂ ಫೋನಿನ್ಯಾಗ ಹೇಳಿ ಸುಮ್ನ ಕುಂತೆ” ಅಂದಳು. ಮತ್ತೆ ಆ ಮಾತು ನಮ್ಮಿಬ್ಬರ ನಡುವೆ ಬಂದಿಲ್ಲ.

ನಮ್ಮ ಮನೆಯವರು ಬೋರಿನ ನಳಕ್ಕೆ ಕೆಂಪು ಬಟ್ಟೆ ಕಟ್ಟಿದರು, ಕುಡಿಯಲು ಅಲ್ಲ ಎಂಬ ಗುರುತಿಗೆ. ಪಕ್ಕದ ತೋಟದವರು ಅದನ್ನು ಹರಕೆಯ ಬಟ್ಟೆ ಅಂದುಕೊಂಡು ಕೈ ಮುಗಿದು ನೀರು ತುಂಬಿಕೊಂಡು ಹೋಗುತ್ತಿದ್ದರು. ನಾನು ಓಡಿ ಹೋಗಿ ಹೇಳಿದೆ. ಕೆಲವರು ಕೇಳಿದರು, ಕೆಲವರು ನಕ್ಕರು.

ಮೂರು ತಿಂಗಳು ತುಂಬಿ ಕೂಸನ್ನು ಬೀಳಗಿಗೆ ಕಳಿಸುವ ದಿನ ಹತ್ತಿರ ಬಂದಂತೆ ನನ್ನ ಅಂಜಿಕೆ ಹೆಚ್ಚಿತು. ಬೀಗತಿಯ ಮನೆಯಲ್ಲೂ ಬೋರ್‌ವೆಲ್ಲೇ, ಸುತ್ತ ಕಬ್ಬೇ. ಅವರು ಇಳಿಸುವುದು ಅರ್ಧಕ್ಕಲ್ಲ, ಕಾಲುಭಾಗಕ್ಕೆ. ಕೂಸಿಗೆ ಚಳಿ ಹೊಕ್ಕಿತ್ತು ಎಂದಷ್ಟೇ ಅವರಿಗೆ ಹೇಳಿದ್ದೆವು. ನಿಜ ಹೇಳಿದರೆ, ಹೆಣ್ಣು ಕೊಟ್ಟವಳೇ ಮೊಮ್ಮಗಳಿಗೆ ವಿಷ ಉಣಿಸಿದಳು ಎಂಬ ಮಾತು ಸಾಯುವವರೆಗೆ ನನ್ನ ಬೆನ್ನ ಹಿಂದೆ ಬರುತ್ತದೆ. ಹೇಳದಿದ್ದರೆ ಕೂಸು ಮತ್ತೆ ಅದೇ ಪಾತ್ರೆಯ ಮುಂದೆ.

ಬಿಡಲು ನಾನೂ ಹೋದೆ. ಹೊಸಿಲಲ್ಲಿ ಆರತಿ ಮಾಡಿ ಒಳಗೆ ಕರೆದರು. ಅಡುಗೆಮನೆಯಲ್ಲಿ ಗ್ಯಾಸಿನ ಮೇಲೆ ದೊಡ್ಡ ಪಾತ್ರೆ ಆಗಲೇ ಕುದಿಯುತ್ತಿತ್ತು. ಮೇಲಿನ ಕಂಠದಿಂದ ಬಿಳಿ ಪೊರೆಯ ಉಂಗುರ ಒಂದರ ಕೆಳಗೊಂದು ಇಳಿದಿತ್ತು. ನಿಂತಲ್ಲೇ ಎಲ್ಲ ಹೇಳಿದೆ. ಇಳಿಸಿದ್ದು, ಭಂಡಾರ ಹಾಕಿದ್ದು, ಹೂಂ ಅಂದು ಸುಳ್ಳಾದದ್ದು, ಕೂಸಿನ ರಕ್ತದ ಬಣ್ಣ. ಬೀಗತಿ ಒಂದು ಕೈ ಕಟ್ಟೆಗೆ ಊರಿ ಕೇಳಿದರು.

“ಇದನ್ನ ನನಗ್ಯಾಕ ಹೇಳಾಕತ್ತೀರಿ? ಹೇಳದಿದ್ರ ನಿಮಗ ನೆಟ್ಟಗ ಇತ್ತಲ್ಲ.”

“ಕೂಸು ಇನ್ನ ನಿಮ್ಮ ಉಡಿಯೊಳಗ ಐತ್ರಿ ಅಕ್ಕಾರ.”

“ನಿಮ್ಮ ನೀರ ಬ್ಯಾರೆ, ನಮ್ಮ ನೀರ ಬ್ಯಾರೆ.”

“ಇರಬಹುದ್ರಿ. ನೋಡಿದರ ಗೊತ್ತಾಗತೈತಿ. ಒಂದ್ ಬಾಟ್ಲಿ ತುಂಬಿ ಕೊಡ್ರಿ.”

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ. ಗ್ಯಾಸು ಆರಿಸಿದರು. ಪರೀಕ್ಷೆ ಆಗುವವರೆಗೆ ಕ್ಯಾನಿನ ನೀರೇ ಬೆರೆಸುವುದಾಗಿ ಮಗಳ ಎದುರಿಗೇ ಮಾತು ಕೊಟ್ಟರು. ಹಿತ್ತಲಿಗೆ ಹೋಗಿ ನಾನು ಹೇಳಿದಂತೆ ಮೂರು ಸಲ ತೊಳೆದು ಬಾಟಲಿ ತುಂಬಿಕೊಂಡು ಬಂದರು. ಬರುವಾಗ ದೇವರ ಮಾಡಕ್ಕೆ ಕೈ ಹಾಕಿ ಒಂದು ಚಿಟಿಕೆ ಭಂಡಾರ ತೆಗೆದರು, ಬೆರಳು ಬಾಟಲಿಯ ಬಾಯಿಗೆ ಬಂತು.

ಅವರ ಮುಂಗೈ ಹಿಡಿದೆ. ಹಿಡಿದು, ನನ್ನ ಹಣೆಯ ಕಡೆ ತಂದೆ. ಬೀಗತಿ ಅರೆಗಳಿಗೆ ನನ್ನ ಮುಖ ನೋಡಿ, ಹಣೆ ತುಂಬ ಹಚ್ಚಿದರು. ನಾನು ಮುಚ್ಚಳ ಬಿಗಿ ಮಾಡಿದೆ.

ಜಮಖಂಡಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬಾಟಲಿಯನ್ನು ಉಡಿಯಿಂದ ತೆಗೆದು ನಮ್ಮಪ್ಪನಂತೆ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದೆ. ಕಿಟಕಿಯ ಸರಳು ಕಂಡಿತು. ಸರಳಿನಾಚೆ ರಸ್ತೆಯುದ್ದಕ್ಕೂ ಕಬ್ಬು, ಎಲೆ ಎಲೆಯೂ ನಿಚ್ಚಳವಾಗಿ ಕಂಡಿತು. ನೀರಿನಲ್ಲಿ ಏನೂ ಇರಲಿಲ್ಲ. ನಮ್ಮ ನೀರಿನಲ್ಲೂ ನನಗೆ ಕಂಡದ್ದು ಇಷ್ಟೇ.